ಏಳನೆಯ ಕುಳಿಯ ಕರೀ ಉಸುಕು

ತಾರ್ನಾಕ, ಹೈದರಾಬಾದ್
೧೨ ನವೆಂಬರ್ ೨೦೦೬

ಮಾಣಿಕಪ್ಪ ಕಾಕಾ ಅವರಿಗೆ,

ಶ್ರೀವಿದ್ಯಾ ಮಾಡುವ ನಮಸ್ಕಾರ. ನಿಮ್ಮ ವಿಷಯದಲ್ಲಿ ನಾನು ಸಹಿ ಹಾಕುತ್ತಿರುವ ಮೂರನೆಯ ಕಾಗದ ಇದು. ಮೊದಲನೆಯದು ಒಂದೂವರೆ ಪುಟದ ಇಂಗ್ಲಿಷ್ ವರದಿ. ಅದರಿಂದ ನಿಮ್ಮ ಕೆಲಸ ಹೋಯಿತು. ಎರಡನೆಯದನ್ನು ಮೊನ್ನೆ ಶುಕ್ರವಾರ ಕೊಟ್ಟು ಬಂದೆ, ಅದರ ಮಾತು ಆಮೇಲೆ. ಇದನ್ನು ನಿಮ್ಮ ಸೊಸೆ ವನಜಾ ಓದಿ ಹೇಳುತ್ತಾರೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಜೊತೆ ಮೈದಾನದಲ್ಲಿ ಕಳೆ ಕೀಳುತ್ತಿದ್ದ ಹಂಪಮ್ಮನೇ ಮಾನ್ವಿಯ ಈ ವಿಳಾಸ ಕೊಟ್ಟದ್ದು. ವನಜಾ ಒಮ್ಮೆಯೂ ಗಾಲ್ಫ್ ಮೈದಾನ ನೋಡಿಲ್ಲ ಎಂದೂ ಹೇಳಿದಳು. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬಿಡಿಸಿ ಬರೆಯಬೇಕಾಗಿದೆ, ತಾಳಿಕೊಳ್ಳಿ.

ನನ್ನ ಕೆಲಸ ನೆಲ ಅಳೆಯುವುದು. ಒಂದೂವರೆ ವರ್ಷದ ಹಿಂದೆ ನಮ್ಮ ಕಚೇರಿ ನನ್ನನ್ನು ಆ ಗಾಲ್ಫ್ ಕ್ಲಬ್ಬಿಗೆ ಕಳಿಸಿದಾಗ ಹೈದರಾಬಾದಿನಲ್ಲಿ ಎಲ್ಲವೂ ಹೊಸದಾಗುತ್ತಿತ್ತು. ಒಂದು ಕಡೆ ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಮಣ್ಣು ಹೊರುವ ಲಾರಿಗಳು, ಇನ್ನೊಂದು ಕಡೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು. ಆ ಗಾಜಿನ ಕಟ್ಟಡಗಳ ಯಜಮಾನರೇ ಕ್ಲಬ್ಬಿನ ಸಮಿತಿಗೂ ಬಂದರು. ಅವರಿಗೆ ತಮ್ಮದು ಅಂತ ಒಂದಾದರೂ ಹಳೆಯ ವಸ್ತು ಬೇಕೆನಿಸಿತು. ಬೇರೆಯವರಾಗಿದ್ದರೆ ಹಳೇ ಗಡಿಯಾರ ಕೊಂಡು ಗೋಡೆಗೆ ಹಾಕುತ್ತಿದ್ದರು. ಇವರು ಇಡೀ ಮೈದಾನವನ್ನೇ ಹಳೆಯದು ಮಾಡಿಸಲು ಹೊರಟರು.

ಅದಕ್ಕೆ ಆಧಾರ ಒಂದೇ ಚಿತ್ರ. ೧೯೩೮ರ ಬೇಸಿಗೆಯಲ್ಲಿ ವಿಮಾನದಿಂದ ತೆಗೆದ ಕಪ್ಪು ಬಿಳುಪು ಚಿತ್ರ. ಮೈದಾನವೆಲ್ಲ ಒಣಗಿ ಬಿಳಿಚಿಕೊಂಡಿದೆ, ಅದರಲ್ಲಿ ಒಂಬತ್ತು ಕಪ್ಪು ವೃತ್ತಗಳು. ಚೆಂಡು ಬೀಳಿಸುವ ಕುಳಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲು ಇರುತ್ತದಲ್ಲ, ಗ್ರೀನ್ ಎನ್ನುತ್ತಾರಲ್ಲ, ಆ ಕಪ್ಪು ವೃತ್ತಗಳು ಅವೇ ಎಂದು ಲಂಡನ್ನಿನಿಂದ ಬಂದ ವಿನ್ಯಾಸಕಾರ ಹೇಳಿದ. ಅಂಥ ಬಿಸಿಲಲ್ಲೂ ನೀರುಣಿಸಿ ಹಸಿರಾಗಿ ಇಟ್ಟಿದ್ದರು ನೋಡಿ ಎಂದು ಬೆರಗುಪಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಹಾಗೆ ನಾವೂ ತಲೆಯಾಡಿಸಿದೆವು. ಕಳೆದ ಐವತ್ತು ವರ್ಷಗಳಲ್ಲಿ ಸರಿಸಿದ, ಹಿಗ್ಗಿಸಿದ ಗ್ರೀನುಗಳನ್ನೆಲ್ಲ ಮತ್ತೆ ಆ ವೃತ್ತಗಳಿದ್ದಲ್ಲಿಗೇ ತರಬೇಕು ಎಂದು ನಿಶ್ಚಯವಾಯಿತು. ಜಾಗಗಳನ್ನು ಅಳೆದು ಗೂಟ ಹೊಡೆದವಳು ನಾನು.

ನಮ್ಮ ಮೊದಲ ಮಾತು ನಿಮಗೆ ನೆನಪಿರಬಹುದು. ಮೂವತ್ತೊಂದು ವರ್ಷದಿಂದ ಅಲ್ಲಿ ಮಾಲಿಯಾಗಿದ್ದ ನಿಮ್ಮ ಹತ್ತಿರ ನಾನು ವಾರಗಟ್ಟಲೆ ಹರಕು ಹಿಂದಿಯಲ್ಲಿ ಮಾತಾಡಿದ್ದೆ. ಒಂದು ದಿನ ಅಮ್ಮನ ಫೋನು ಬಂತು. ಮಾತು ಮುಗಿಸಿ ತಿರುಗಿದರೆ ನೀವು ಸಲಿಕೆ ಊರಿಕೊಂಡು ನಗುತ್ತಿದ್ದಿರಿ. “ಏನ್ರೀ ಬಾಯಾರ, ಕನ್ನಡದವರು ಅದೀರಿ ಅಂತ ಮೊದ್ಲ ಹೇಳಬಾರ್ದೇನ್ರಿ? ನಿಮ್ಮ ಹಿಂದಿ ಕೇಳಿ ಕೇಳಿ ನನ್ನ ಹಿಂದೀನೂ ಕೆಟ್ಟು ಹೋಗಾಕತ್ತಿತ್ತು!” ಅವತ್ತಿನಿಂದ ಮಧ್ಯಾಹ್ನ ಬೇವಿನ ಮರದ ಕೆಳಗೆ ನಿಮ್ಮ ರೊಟ್ಟಿ ಬುತ್ತಿಗೆ ನಾನೂ ಪಾಲುದಾರಳಾದೆ. ನನ್ನ ಮೊಸರನ್ನದ ಡಬ್ಬಿ ನೋಡಿ “ಇದನ್ನ ತಿಂದು ಈ ಬಿಸಲಾಗ ಹೆಂಗ ನಿಂದರ್ತೀರಿ” ಎಂದು ದಿನಾ ರೇಗಿಸುತ್ತಿದ್ದಿರಿ.

ಎಂಟು ಗ್ರೀನುಗಳು ಚೆನ್ನಾಗಿ ಎದ್ದವು. ಏಳನೆಯದು ಕೈಕೊಟ್ಟಿತು. ಹಳೆಯ ನೆಲ ಕೆಡಿಸಬಾರದು ಎಂಬುದು ವಿನ್ಯಾಸಕಾರನ ಹಟ, ಹಾಗಾಗಿ ಅಲ್ಲಿ ಅಗೆಯದೆ ಮೇಲೆ ಒಂದು ಗೇಣು ಮಣ್ಣು ಹಾಕಿ ಹುಲ್ಲು ನೆಟ್ಟಿದ್ದೆವು. ಒಂದು ತಿಂಗಳು ಹಸಿರಾಗಿತ್ತು. ಜೂನಿನ ಮಳೆ ಬಿದ್ದು ಬೇರು ಇಳಿಯುತ್ತಿದ್ದಂತೆ ಸುತ್ತಳತೆ ಹಿಡಿದು ಗೆರೆ ಎಳೆದಂತೆ ದುಂಡಗೆ ಸತ್ತುಹೋಯಿತು. ಮಣ್ಣು ಮೂಸಿದರೆ ಎಣ್ಣೆಯ ವಾಸನೆ. ನಿಮ್ಮ ಹುಲ್ಲು ಕತ್ತರಿಸುವ ಯಂತ್ರದ ಟ್ಯಾಂಕು ಹಿಂದಿನ ವಾರ ಅದೇ ಜಾಗದಲ್ಲಿ ಸೋರಿತ್ತು. ಸಮಿತಿಗೆ ಅಷ್ಟು ಸಾಕಾಯಿತು.

ವಿಚಾರಣೆಯ ದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ನೀವು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. “ಬಾಯಾರ, ಅದು ನನ್ನ ಮಸೀನಿನ ಎಣ್ಣಿ ಅಲ್ರಿ. ನಾ ಬಂದಾಗಿಂದ ಮಳಿ ಬಿದ್ರ ಅಲ್ಲಿ ಹಂಗ ವಾಸನಿ ಬರ್ತೈತಿ. ಇದರ ಕೆಳಗ ಕರೀ ಉಸುಕು ಐತಿ, ಏನೂ ಹಚ್ಚಬ್ಯಾಡ ಅಂತ ನನಗ ಕೆಲಸ ಕಲಿಸಿದ ನಮ್ಮ ಉಸ್ತಾದ್ರು ಹೇಳ್ತಿದ್ರು. ಹುಲ್ಲು ಹಚ್ಚೂ ಮುಂದ ಹೇಳಾಕ ಹೋಗಿದ್ದೆ, ಆ ಲಂಡನ್ ಸಾಹೇಬ್ರು ಕೈ ಮಾಡಿ ಕಳಿಸಿಬಿಟ್ರು.”

ಅದಕ್ಕೆ ನಾನು ಹೇಳಿದ್ದು ಇದು: ಕಾಕಾ, ಕರೀ ಉಸುಕಿನ ಕತೆ ಒಳಗೆ ಹೇಳಬೇಡಿ, ನೆಪ ಹೇಳುತ್ತಿದ್ದೀರಿ ಅನ್ನುತ್ತಾರೆ. ಯಂತ್ರ ಸೋರಿತು, ತಪ್ಪಾಯಿತು ಎಂದು ಕೈಮುಗಿದುಬಿಡಿ. ದೊಡ್ಡವರಿಗೆ ಅಷ್ಟು ಸಿಕ್ಕರೆ ಸಾಕು, ಬಿಟ್ಟುಬಿಡುತ್ತಾರೆ.

“ಮಾಡದ್ದನ್ನ ಮಾಡೀನಿ ಅನ್ನೂದಾ?” ಎಂದಿರಿ. ಮತ್ತೆ ನೀವೇ, “ಆಗ್ಲಿ ಬಿಡ್ರಿ. ನೀವು ಓದಿದವರು, ನೀವು ಹೇಳಿದ್ಮ್ಯಾಲೆ ಸರಿ ಇರ್ತದ” ಎಂದು ರುಮಾಲು ಸರಿಮಾಡಿಕೊಂಡು ಒಳಗೆ ನಡೆದಿರಿ. ಸಮಿತಿಯ ಮುಂದೆ “ಗಲ್ತೀ ಹೋಗಯೀ ಸಾಬ್, ಮಾಫ್ ಕರೋ” ಎಂದಿರಿ. ಅವರು ಮಾಫಿಯ ಭಾಗವನ್ನು ಬಿಟ್ಟು ತಪ್ಪಿನ ಭಾಗವನ್ನಷ್ಟೇ ಬರೆದುಕೊಂಡರು. ಕೆಳಗೆ ನಿಮ್ಮ ಹೆಬ್ಬೆಟ್ಟು. ಅದರ ಆಧಾರದ ಮೇಲೆ ನಾನು ವರದಿ ಬರೆದೆ: ಎಣ್ಣೆ ಸೋರಿಕೆಯೇ ಕಾರಣ, ಮಾಲಿ ಒಪ್ಪಿಕೊಂಡಿದ್ದಾನೆ. ಹೌದು, ಇಂಗ್ಲಿಷಿನಲ್ಲಿ ಬರೆದರೂ ಧಾಟಿ ಏಕವಚನದ್ದೇ ಆಗಿತ್ತು. ಮೂರು ದಿನದಲ್ಲಿ ನೀವು ಕ್ವಾರ್ಟರ್ಸ್ ಖಾಲಿ ಮಾಡಿದಿರಿ.

ಏಕೆ ಹಾಗೆ ಮಾಡಿದೆ ಎಂದು ನಾಲ್ಕು ತಿಂಗಳು ಯೋಚಿಸಿದ್ದೇನೆ. ನಿಮ್ಮನ್ನು ಉಳಿಸಲು ಎಂದು ಆಗ ಅಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ನನಗೆ ನಿಮ್ಮ ಮೇಲೆ ಪ್ರೀತಿ ಇತ್ತು ಕಾಕಾ, ನಿಮ್ಮ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಯಾವುದೋ ಉಸ್ತಾದರ ಮಾತನ್ನು ಹಿಡಿದುಕೊಂಡು ವಿನ್ಯಾಸಕಾರನ ಎದುರು ನಿಲ್ಲಲು ನನಗೆ ನಾಚಿಕೆಯಾಯಿತು. ಹಾರೆ ಹಿಡಿದು ಎರಡು ಅಡಿ ಅಗೆದಿದ್ದರೆ ಮುಗಿಯುತ್ತಿತ್ತು. ನೆಲ ಅಳೆಯುವವಳು ನೆಲವನ್ನು ಕೇಳಲಿಲ್ಲ.

ಕಳೆದ ತಿಂಗಳು ಕ್ಲಬ್ಬಿನ ಹಳೇ ಕಪಾಟು ಖಾಲಿ ಮಾಡಿಸುವಾಗ ಇನ್ನೊಂದು ಚಿತ್ರ ಸಿಕ್ಕಿತು. ಅದೇ ೧೯೩೮ರದು, ಆದರೆ ನೆಲದ ಮೇಲೆ ನಿಂತು ತೆಗೆದದ್ದು. ಒಬ್ಬ ಬಿಳಿಯ ದೊರೆ ಚೆಂಡು ಹೊಡೆಯಲು ಬಾಗಿದ್ದಾನೆ. ಅವನ ಹಿಂದೆ ಮುಂಡಾಸಿನ ಮಾಲಿಯೊಬ್ಬ ಉದ್ದನೆಯ ಹಿಡಿಯ ಹಲಗೆ ಹಿಡಿದು ನಿಂತಿದ್ದಾನೆ. ಅವರ ಕಾಲ ಕೆಳಗೆ ಒಂದು ಗರಿಕೆಯೂ ಇಲ್ಲ. ಕಪ್ಪು ಮರಳು. ವಿಮಾನದ ಚಿತ್ರದಲ್ಲಿ ಕಪ್ಪಗೆ ದುಂಡಗೆ ಕಂಡದ್ದು ಹುಲ್ಲಲ್ಲ, ಇದೇ. ಚಿತ್ರದ ಜೊತೆಗಿದ್ದ ನಿಯಮ ಪುಸ್ತಕದಲ್ಲಿ ಎಲ್ಲ ಇತ್ತು. ಈ ಕಲ್ಲುನೆಲದಲ್ಲಿ ಬೇಸಿಗೆಗೆ ಕುಡಿಯಲು ನೀರಿರಲಿಲ್ಲ, ಇನ್ನು ಹುಲ್ಲಿಗೆಲ್ಲಿಂದ? ಮರಳಿಗೆ ಮೋಟಾರಿನ ಹಳೇ ಎಣ್ಣೆ ಕಲಸಿ, ಗಾಳಿಗೆ ಹಾರದಂತೆ ದಮ್ಮಸು ಮಾಡಿ, ಅದರ ಮೇಲೆಯೇ ಆಡುತ್ತಿದ್ದರು. ಒಬ್ಬರು ಆಡಿ ಹೋದಮೇಲೆ ಮಾಲಿ ಹಲಗೆ ಎಳೆದು ಹೆಜ್ಜೆ ಗುರುತು ಅಳಿಸಬೇಕು. ನೀರು ಬಂದ ಕಾಲಕ್ಕೆ ಎಂಟು ಕಡೆ ಆ ಮರಳು ತೆಗೆದು ಹುಲ್ಲು ಹಾಕಿದರು. ಏಳನೆಯದನ್ನು ಮಾತ್ರ ಬೇರೆಡೆಗೆ ಸರಿಸಿ, ಹಳೆಯದರ ಮೇಲೆ ಮಣ್ಣು ಮುಚ್ಚಿ ಬಿಟ್ಟರು.

ಮರುದಿನ ನಾನೇ ಅಗೆದೆ. ಒಂದೂವರೆ ಅಡಿಗೆ ನಿಮ್ಮ ಉಸ್ತಾದರ ಕರೀ ಉಸುಕು ಸಿಕ್ಕಿತು. ಹಂಪಮ್ಮ ಒಂದು ಹಿಡಿ ಎತ್ತಿ ಮೂಸಿ, “ಮುದುಕ ಖರೇನ ಹೇಳಿದ್ದ ನೋಡ್ರಿ” ಎಂದು ಅಲ್ಲೇ ಕೂತು ಅತ್ತಳು. ನನಗೆ ಅಳು ಬರಲಿಲ್ಲ. ಬಕೆಟ್ಟು ತರಲು ಹೋದೆ.

ಮರಳನ್ನು ಬಕೆಟ್ಟಿನಲ್ಲಿ ತುಂಬಿಸಿಕೊಂಡು ಹೋಗಿ ಅಧ್ಯಕ್ಷರ ಮೇಜಿನ ಮೇಲೆ ಇಟ್ಟೆ. ಅವರು ಕೆಟ್ಟವರಲ್ಲ, ಚಹಾ ತರಿಸಿದರು. ಹಳೆಯದೆಂದರೆ ಎಣ್ಣೆ ಮರಳು ಎಂದು ವಿದೇಶದ ಅತಿಥಿಗಳಿಗೆ ಹೇಗೆ ಹೇಳುವುದು ಎಂದು ನಕ್ಕರು. ಮರಳು ತೆಗೆಸಿ ಹುಲ್ಲು ಹಾಕಿಸೋಣ, ‘೧೯೩೮ರ ಮೂಲ ರೂಪ’ ಎಂಬ ಫಲಕ ಆಗಲೇ ಬರೆಸಿಯಾಗಿದೆ ಎಂದರು. ನಿಮ್ಮ ವಿಷಯ ಎತ್ತಿದೆ. ಅವರು ಕಡತ ತೆಗೆದು ಹೆಬ್ಬೆಟ್ಟಿನ ಹಾಳೆ ತೋರಿಸಿ, “ಆದರೆ ಅವರೇ ಒಪ್ಪಿಕೊಂಡಿದ್ದಾರಲ್ಲಮ್ಮ” ಎಂದರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡಿದವರು ನೀವು, ಆಡಿಸಿದವಳು ನಾನು.

ಆದ್ದರಿಂದ ಎರಡನೆಯ ವರದಿ ಬರೆದೆ. ಮೊದಲನೆಯದು ಸುಳ್ಳು, ಅಗೆದು ನೋಡದೆ ಬರೆದದ್ದು, ತಪ್ಪೊಪ್ಪಿಗೆಯನ್ನು ಮಾಣಿಕಪ್ಪನವರಿಗೆ ಹೇಳಿಕೊಟ್ಟವಳು ನಾನೇ ಎಂದು ಸಹಿ ಹಾಕಿದೆ. ಸಮಿತಿಯ ಒಬ್ಬೊಬ್ಬರ ಕೈಗೂ ಒಂದೊಂದು ಪ್ರತಿ ಕೊಟ್ಟೆ. ಮಾಲಿಗಳ ಶೆಡ್ಡಿನ ಗೋಡೆಗೆ ತೆಲುಗಿನಲ್ಲಿ ಒಂದು ಅಂಟಿಸಿದೆ. ನಮ್ಮ ಕಚೇರಿಯವರು ಹಿಂತೆಗೆದುಕೋ, ಇಲ್ಲವೇ ಬರಬೇಡ ಎಂದಿದ್ದಾರೆ. ನಿನ್ನೆಯಿಂದ ನಾನು ಹೋಗಿಲ್ಲ. ಇದನ್ನು ನಿಮ್ಮ ಕನಿಕರ ಬೇಡಿ ಬರೆಯುತ್ತಿಲ್ಲ, ಬೇರೆಯವರ ಬಾಯಲ್ಲಿ ಕೇಳುವ ಮೊದಲು ನನ್ನಿಂದ ತಿಳಿಯಲಿ ಎಂದಷ್ಟೇ.

ಸಮಿತಿ ಇದೇ ಇಪ್ಪತ್ತನೇ ತಾರೀಖು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಸೇರುತ್ತದೆ. ಬಂದರೆ ನಿಮ್ಮ ಮಾತನ್ನೂ ಕೇಳುತ್ತಾರಂತೆ. ಯಾವ ಬಸ್ಸು ಹತ್ತಬೇಕು, ಅಲ್ಲಿ ಏನು ಹೇಳಬೇಕು ಎಂದು ಒಂದು ಪುಟ ಬರೆದಿದ್ದೆ. ಓದಿ ನೋಡಿ ಹರಿದುಹಾಕಿದೆ. ಬನ್ನಿ ಎಂದು ಬರೆಯುವುದಿಲ್ಲ, ಬೇಡ ಎಂದೂ ಬರೆಯುವುದಿಲ್ಲ. ಬಂದು ನೀವು ಏನೇ ಹೇಳಿದರೂ, ನನ್ನ ಹೆಸರು ಹಿಡಿದು ಹೇಳಿದರೂ ಸರಿ. ಈ ಸಲ ನಿಮಗೆ ಬುದ್ಧಿ ಹೇಳುವವರು ಯಾರೂ ಇರುವುದಿಲ್ಲ.

ಮೈಗೆ ಆರೋಗ್ಯ, ಮನೆಯವರಿಗೆಲ್ಲ ಒಳಿತು ಇರಲಿ. ನಿಮ್ಮ ಮಾತು ನಿಮ್ಮದೇ ಆಗಿರಲಿ.

ನಿಮ್ಮ ಮಾತನ್ನು ತಡವಾಗಿ ನಂಬಿದ,
ಶ್ರೀವಿದ್ಯಾ