ಎದುರುಗಾಳಿಯಲ್ಲಿ ನನ್ನ ಸರದಿ

ಜುಲೈ 13, ಭಾನುವಾರ. ಹಳೇಬೀಡು.

ದೇವರಾಜನ ಬೆನ್ನು ಕಣ್ಣಿಂದ ಹೋಗುತ್ತಿಲ್ಲ. ಅಗಲವಾದ ಬೆನ್ನು. ಅದರ ಮರೆಯಲ್ಲಿ ಉಷಾ.

ಎದುರುಗಾಳಿಯಲ್ಲಿ ಒಬ್ಬರು ಮುಂದೆ ತುಳಿದರೆ ಹಿಂದಿನವರಿಗೆ ಗಾಳಿ ಕಡಿಮೆ. ಅದಕ್ಕೇ ಐದೈದು ಕಿಲೋಮೀಟರಿಗೆ ಸರದಿ ಬದಲಾಗಬೇಕೆಂದು ನಿಯಮ ಮಾಡಿದವನು ನಾನು. ದುಡಿಮೆ ಸಮವಾಗಿ ಹಂಚಿಕೆಯಾಗಬೇಕು ಎಂದು, ನಾವು ಮೂವರು ಗೆಳೆಯರು ಈ ಸೈಕಲ್ ಯಾತ್ರೆಯಲ್ಲಿ ಊರೂರಿಗೆ ಹಂಚುತ್ತಿರುವ ಕರಪತ್ರದಲ್ಲೂ ಬರೆದಿದ್ದೇನೆ.

ಕಣಕಟ್ಟೆ ಬಿಟ್ಟ ಮೇಲೆ ಬರೀ ಬಯಲು. ಮನೆಯಿಲ್ಲ, ನೆರಳಿಲ್ಲ, ಆಷಾಢದ ಗಾಳಿ ಮಾತ್ರ. ದೇವರಾಜನ ಸರದಿಯಲ್ಲಿ ಉಷಾ ಅವನ ಹಿಂದೆ ಹಾಡು ಗುನುಗುತ್ತಾ ಬಂದಳು. ನನ್ನ ಸರದಿ ಬರಲಿ, ತೋರಿಸುತ್ತೇನೆ ಎಂದುಕೊಂಡೆ. ಸರದಿ ಬಂದಾಗ ಹಲ್ಲು ಕಚ್ಚಿ ತುಳಿದೆ. ತಿರುಗಿ ನೋಡಿದರೆ ಅವರಿಬ್ಬರೂ ಅರ್ಧ ಮೈಲಿ ಹಿಂದೆ. ಅವಳು ಮತ್ತೆ ಅವನ ಬೆನ್ನಿನ ಮರೆಯಲ್ಲಿ. ನಾನೇ ಅವಳನ್ನು ಅವನಿಗೆ ಒಪ್ಪಿಸಿ ಬಂದ ಹಾಗಿತ್ತು.

ರಸ್ತೆ ಬದಿಯಲ್ಲಿ ಕಾದು ನಿಂತೆ. "ಏನ್ಲಾ, ಹಳೇಬೀಡಲ್ಲಿ ಯಾರಾದ್ರೂ ಹಾರ ಹಿಡ್ಕೊಂಡು ಕಾಯ್ತಾವ್ರಾ?" ಎಂದು ದೇವರಾಜ ನಕ್ಕ.

ಉಷಾ ನಗಲಿಲ್ಲ. "ಮುಂದೆ ಹೋಗೋನು ಹಿಂದಿರೋರ ಉಸಿರು ನೋಡ್ಕೊಂಡು ತುಳೀಬೇಕು ಕಣೋ. ಇದನ್ನೂ ನಿನ್ನ ಕರಪತ್ರದಲ್ಲಿ ಬರಿ."

ದೇವರಾಜನ ಮೇಲೆ ಸಿಟ್ಟಾಗಲು ಕಾರಣವೇ ಇಲ್ಲ. ಒಳ್ಳೆಯವನು. ಅದೇ ಸಂಕಟ. ಯಾರೂ ಯಾರ ಸ್ವತ್ತೂ ಅಲ್ಲ ಎಂದು ಸಭೆಗಳಲ್ಲಿ ಕೂಗುವ ನಾನು ಒಬ್ಬನ ಬೆನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದೇನೆ.

ನಾಳೆ ಬೇಲೂರಿನವರೆಗೂ ದೇವರಾಜನೇ ಮುಂದಿರಲಿ ಎಂದು ಉಷಾ ಹೇಳಿದ್ದಾಳೆ. ಅವನ ಹಿಂದೆ ಅವಳು, ಕೊನೆಯಲ್ಲಿ ನಾನು. ನನಗೆ ಗಾಳಿ ತಗಲುವುದೇ ಇಲ್ಲ. ಅಷ್ಟು ಸುಲಭದ ದಾರಿಯನ್ನು ನಾನು ಹೇಗೆ ತುಳಿಯಲಿ?