ಹನ್ನೆರಡರವರೆಗೆ

ಮಾರ್ಚ್ 3, ಬೆಳಿಗ್ಗೆ
ಈ ಡೈರಿಯಲ್ಲೂ ಬರೆಯದೇ ಬಿಡೋಣ ಎಂದುಕೊಂಡಿದ್ದೆ. ತೋಳು ಗಿಡ್ಡವಾದದ್ದು ನೂಲಕ್ಕನ ಕಣ್ಣಿನಿಂದಲ್ಲ. ನನ್ನ ಕೋಡ್‌ನಿಂದ ಇರಬೇಕು.
ನಿನ್ನೆ ಓನರ್ ಹದಿನಾರು ಸ್ವೆಟರ್‌ಗಳನ್ನು ಹೆಣಿಗೆ ಕೋಣೆಯ ಮೇಜಿನ ಮೇಲೆ ಸುರಿದರು. ಎಲ್ಲದರ ತೋಳೂ ಎರಡು ಬೆರಳು ಕಡಿಮೆ. ಮೂವತ್ತು ವರ್ಷ ಯಂತ್ರದ ಮುಂದೆ ಕೂತ ನೂಲಕ್ಕನಿಗೆ ದೃಷ್ಟಿ ಮಂದವಾಗಿದೆಯಂತೆ. ಏಳನೇ ತಾರೀಖಿನಿಂದ ಪ್ಯಾಕಿಂಗಿಗೆ ಹೋಗಬೇಕಂತೆ. ಅಕ್ಕ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ನಾನು ಸ್ವೆಟರ್‌ಗಳನ್ನು ಮಡಿಸಿಡತೊಡಗಿದೆ.

ಅದೇ ದಿನ, ಸಂಜೆ
ಕೋಡ್ ತೆಗೆದು ನೋಡಿದೆ. ನಿಜ.
ಅಕ್ಕ ತಮ್ಮ ಮಾತಿನಲ್ಲೇ ಯಂತ್ರಕ್ಕೆ ಡಿಸೈನ್ ಹೇಳಲಿ ಎಂದು ಪೈಥಾನ್‌ನಲ್ಲಿ ಪುಟ್ಟ ಭಾಷೆ ಕಟ್ಟಿದವಳು ನಾನು. ವ್ಯಾಕರಣ ಒಂದು ಫೈಲಿನಲ್ಲಿ. ಯಾರೋ ಪುಣ್ಯಾತ್ಮರು ಬಿಟ್ಟಿ ಕೊಟ್ಟ ಪಾರ್ಸರ್ ಲೈಬ್ರರಿ ಅದನ್ನು ನೋಡಿಕೊಂಡು ವಾಕ್ಯ ಬಿಡಿಸುತ್ತದೆ. ಅಕ್ಕ ಬರೆದದ್ದು: “ಸಾಲು 1 ರಿಂದ 12 ರವರೆಗೆ ಹೆಣೆ, 20 ಸಲ.” ‘ವರೆಗೆ’ಯನ್ನು ನಾನು ಪೈಥಾನ್‌ನಲ್ಲಿ ಎಣಿಸುವ ‘ರೇಂಜ್’ ಆಜ್ಞೆಗೆ ಹಾಗೇ ಜೋಡಿಸಿದ್ದೆ. ಅದು ಕೊನೆಯ ಸಂಖ್ಯೆಯನ್ನು ಬಿಟ್ಟು ಹನ್ನೊಂದಕ್ಕೇ ನಿಲ್ಲುತ್ತದೆ. ಸಲಕ್ಕೊಂದು ಸಾಲು ಖೋತಾ.
ಕೋಡ್ ಪರೀಕ್ಷಿಸುವ ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಅವನ್ನು ಬರೆದವಳೂ ನಾನೇ ತಾನೆ... ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡ ಪದ ಅಂಟಿಸಿದೆ. ಅಕ್ಕನನ್ನು ಒಂದು ಮಾತು ಕೇಳಬಹುದಿತ್ತು.

ಮಾರ್ಚ್ 6
ಮೂರು ದಿನ ಸುಮ್ಮನಿದ್ದೆ. ಕೋಡ್ ಸದ್ದಿಲ್ಲದೆ ತಿದ್ದಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾಳೆ ಏಳನೇ ತಾರೀಖು.
ಓನರ್ ಕೋಣೆಗೆ ಹೋಗಿ ಹೇಳಿಬಿಟ್ಟೆ. ಅಕ್ಕನನ್ನೂ ಕರೆಸಿದರು. ಇವರ ಕಣ್ಣು ಹೇಗಿದೆ ಹಾಗಾದರೆ ಎಂದು ಓನರ್ ನನ್ನನ್ನು ಕೇಳಿದರು. ನನ್ನದಕ್ಕಿಂತ ಚೆನ್ನಾಗಿದೆ ಎಂದೆ.
ಹೊರಗೆ ಬಂದ ಮೇಲೆ ಅಕ್ಕ ಮೆಲ್ಲಗೆ ಹೇಳಿದರು: “ಮೊದಲನೇ ತೋಳಲ್ಲೇ ಅನುಮಾನ ಬಂದಿತ್ತು. ಕಂಪ್ಯೂಟರ್ ಲೆಕ್ಕ ತಪ್ಪಲ್ಲ ಅಂತ ನೀನೇ ಹೇಳಿದ್ದೆಯಲ್ಲ. ಅದಕ್ಕೆ ನನ್ನ ಕಣ್ಣನ್ನೇ ನಂಬಲಿಲ್ಲ.”
‘ವರೆಗೆ’ ಎಂದರೆ ಯಂತ್ರ ಹನ್ನೊಂದಕ್ಕೇ ನಿಲ್ಲುತ್ತಿತ್ತು ಎಂದು ಬಿಡಿಸಿ ಹೇಳಿದೆ.
“ಅಲ್ಲಾ, ಹತ್ತನೇ ಕ್ಲಾಸಿನವರೆಗೆ ಓದಿದೀನಿ ಅಂದ್ರೆ ಒಂಬತ್ತಕ್ಕೇ ಬಿಟ್ಟೆ ಅಂತೀಯಾ ನೀನು?”
ನಗು ಬಂತು. ಅಳುವೂ. ಬೈದಿದ್ದರೆ ಹಗುರಾಗುತ್ತಿತ್ತು, ನಗಿಸಿದರು, ಇನ್ನೂ ಹಗುರಾಯಿತು.

ಮಾರ್ಚ್ 10
ತಿದ್ದಿದ್ದು ಒಂದೇ ಸಾಲು. ತೋಳು ಈಗ ಅಳತೆಗೆ ಸರಿ. ಅಕ್ಕ ತಮ್ಮ ಯಂತ್ರದ ಮುಂದೆಯೇ ಇದ್ದಾರೆ. ಹೊಸ ಟೆಸ್ಟ್‌ಗೆ ‘ಹತ್ತನೇ ಕ್ಲಾಸ್’ ಎಂದು ಹೆಸರಿಟ್ಟೆ.
ಈ ಭಾಷೆಯನ್ನು ಬೇರೆ ಹೆಣಿಗೆಯವರಿಗೂ ಇಂಟರ್ನೆಟ್‌ನಲ್ಲಿ ಉಚಿತವಾಗಿ ಕೊಡಲು ಓನರ್ ಒಪ್ಪಿದ್ದಾರೆ. ಜೊತೆಗೆ ಹಾಕುವ ಟಿಪ್ಪಣಿಯಲ್ಲಿ “ಚಿಕ್ಕ ದೋಷವೊಂದನ್ನು ಸರಿಪಡಿಸಲಾಗಿದೆ” ಎಂದು ಬರೆದಿದ್ದೆ. ಯಾರ ದೋಷ? ಅಳಿಸಿ ಹೀಗೆ ಬರೆದೆ: “‘ವರೆಗೆ’ಯ ಅರ್ಥ ನನಗೆ ಗೊತ್ತಿರಲಿಲ್ಲ. ಕಲಿಸಿದವರು ನೂಲಕ್ಕ.” ಕೆಳಗೆ, ಪಾರ್ಸರ್ ಬರೆದ ಆ ಕಾಣದ ಜನಕ್ಕೂ ಎರಡು ಸಾಲು ಕೃತಜ್ಞತೆ.

ಮಾರ್ಚ್ 12
ಟಿಪ್ಪಣಿಯನ್ನು ಮೊದಲು ಅಕ್ಕನಿಗೆ ಓದಿ ಹೇಳಬೇಕು. ತಂಗಿಯ ಮನೆಗೆ ಹೋಗಿದ್ದಾರೆ. ಫೋನ್ ಮಾಡಿದೆ. ಹದಿನಾಲ್ಕರವರೆಗೆ ರಜೆಯಂತೆ.
“ಹದಿನಾಲ್ಕೂ ಸೇರಿ ತಾನೆ, ಅಕ್ಕಾ?”
ಆ ಕಡೆ ನಗು ನಿಲ್ಲಲೇ ಇಲ್ಲ.
ಹಾಗಾದರೆ ಅಕ್ಕನಿಗೆ ಓದಿ, ಪೋಸ್ಟ್ ಮಾಡುವುದು — ಮಾರ್ಚ್ 15