ನಿನ್ನ ಬಸಲಿಂಗಪ್ಪನನ್ನು ನೋಡಿದೆ

ಹ್ಯೂಸ್ಟನ್
೧೪ ಅಕ್ಟೋಬರ್ ೨೦೧೬, ಶುಕ್ರವಾರ

ಪ್ರೀತಿಯ ವಿದ್ಯಾ,

ಅಕ್ಷರ ನೋಡಿದೊಡನೆ ಯಾರದೆಂದು ಗೊತ್ತಾಗಿರುತ್ತದೆ. ಗೊತ್ತಾಗಿಯೂ ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದೀಯೆಂದರೆ, ಇನ್ನೂ ಸ್ವಲ್ಪ ಓದು. ಒಂದೂವರೆ ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಫೋನ್ ಮಾಡಲು ನನಗೆ ಧೈರ್ಯ ಸಾಲದು. ಆಸ್ಟಿನ್‌ನಲ್ಲಿ ನೀನಿರುವ ಮನೆಯ ವಿಳಾಸವನ್ನು ಶಕುಂತಲಾ ಆಂಟಿ ಕೊಟ್ಟರು.

ಕಳೆದ ಭಾನುವಾರ ಡಾಲಸ್‌ನಲ್ಲಿ ನಿನ್ನ ಸಿನಿಮಾ ನೋಡಿದೆ. ಹೌದು, ನಾನು ಅಲ್ಲಿದ್ದೆ. "ಫ್ಲವರ್ ಮೌಂಡ್‌ನಿಂದ ನಾವೆಲ್ಲ ಹೋಗ್ತಿದ್ದೀವಿ, ಹೆತ್ತವಳು ನೀನು ಬರಲ್ವೇನೇ ಉಷಾ?" ಎಂದು ಶಕುಂತಲಾ ಆಂಟಿ ಬೈದರು. ಡಾಲಸ್ ಪಕ್ಕದ ಅವರ ಮನೆಯ ದಸರಾ ಗೊಂಬೆ ನೋಡಿ ಬರುತ್ತೇನೆಂದು ನಿನ್ನಪ್ಪನಿಗೆ ಹೇಳಿ ಹೊರಟೆ. ಸುಳ್ಳೇನಲ್ಲ, ಗೊಂಬೆಯನ್ನೂ ನೋಡಿದೆ.

ಮಧ್ಯಾಹ್ನದ ಆಟ. ನಿನಗೆ ಕಾಣಬಾರದೆಂದು ಕೊನೆಯ ಸಾಲಿನ ಮೂಲೆಯಲ್ಲಿ ಕೂತೆ. ಮೊದಲ ಹತ್ತು ನಿಮಿಷ ತೆರೆಯ ಮೇಲೆ ಏನು ನಡೆಯಿತೋ ನನಗೆ ತಿಳಿಯದು. ನೀನು ಮೆಡಿಕಲ್ ಓದು ಮೂರನೇ ವರ್ಷದಲ್ಲಿ ಬಿಟ್ಟು ಬಂದದ್ದು ಇದಕ್ಕಾ ಎಂಬ ಕೊರಗೇ ತಲೆಯಲ್ಲಿ ಸುತ್ತುತ್ತಿತ್ತು. ಆಮೇಲೆ ಆ ಕಚೇರಿಯ ದೃಶ್ಯ ಬಂತು ನೋಡು. ಅಮೆರಿಕದಲ್ಲಿ ಮಗನ ಮನೆಯಲ್ಲಿ ತಮ್ಮ ಪಾಡಿಗೆ ತಾವಿದ್ದ ಧಾರವಾಡದ ನಿವೃತ್ತ ಮೇಷ್ಟ್ರು ಬಸಲಿಂಗಪ್ಪ, ಯಾರೋ ಕಂಪ್ಯೂಟರಿನಲ್ಲಿ ತಪ್ಪು ಗುಂಡಿ ಒತ್ತಿದ್ದರಿಂದ ದಾಖಲೆಯಲ್ಲಿ ಸತ್ತುಹೋಗಿದ್ದಾರೆ. "ನಾ ಇಲ್ಲೇ ನಿಂತೀನಲ್ರೀ!" ಎಂದು ಎದೆ ಮುಟ್ಟಿಕೊಂಡು ಹೇಳುತ್ತಾರೆ. ಕಿಟಕಿಯಾಚೆಯ ಹೆಂಗಸು ಅವರ ಕೈ ಸವರಿ, ಸತ್ತವರಿಂದ ಅರ್ಜಿ ತೆಗೆದುಕೊಳ್ಳಲು ನಿಯಮವಿಲ್ಲ, ನಿಮ್ಮ ದುಃಖದಲ್ಲಿ ನಾನೂ ಭಾಗಿ ಎನ್ನುತ್ತಾಳೆ. ಅಲ್ಲಿಂದ ಮುಂದೆ ನಾನು ನಿನ್ನ ಅಮ್ಮನಾಗಿ ನೋಡಲಿಲ್ಲ, ಟಿಕೆಟ್ ತಗೊಂಡು ಬಂದ ಪ್ರೇಕ್ಷಕಿಯಾಗಿ ನೋಡಿದೆ.

ಸಂತಾಪ ಸಭೆಯನ್ನಂತೂ ಮರೆಯಲಾರೆ. ಸುದ್ದಿ ಕೇಳಿದವರು ಅಡುಗೆ ಮಾಡಿಕೊಂಡು ಬಂದುಬಿಟ್ಟಿದ್ದಾರೆ. ವಾಪಸು ಕಳಿಸಲು ದಾಕ್ಷಿಣ್ಯವಾಗಿ ಮಗ ಸಭೆ ನಡೆಸಿಯೇ ಬಿಡುತ್ತಾನೆ. ಬಸಲಿಂಗಪ್ಪ ತಾವೇ ಟ್ರೇ ಹಿಡಿದು ಎಲ್ಲರಿಗೂ ಕಾಫಿ ಕೊಡುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ ಮಹನೀಯರು ಎಂದು ಒಬ್ಬರು ಗದ್ಗದರಾದರೆ, ಇವರೇ ಹಿಂದಿನಿಂದ "ಮೂವತ್ನಾಕ್ರೀ" ಎಂದು ತಿದ್ದುತ್ತಾರೆ. ನನ್ನ ಪಕ್ಕದ ಅಮೆರಿಕನ್ ಹುಡುಗಿ ನಕ್ಕು ನಕ್ಕು ಮುಂದಿನ ಸೀಟಿಗೆ ಹಣೆ ಹಚ್ಚಿಕೊಂಡಳು. ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಸಾವಿನ ವಿಷಯದಲ್ಲಿ ಇಷ್ಟು ನಗಬಹುದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಏನು ಗೊತ್ತಾ? ನಿನ್ನ ಸಿನಿಮಾದಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಮಗ ಒಳ್ಳೆಯವನು, ಸೊಸೆ ಒಳ್ಳೆಯವಳು, ಆ ಕಚೇರಿಯ ಹೆಂಗಸೂ ಒಳ್ಳೆಯವಳೇ. ಎಲ್ಲರೂ ಒಳ್ಳೆಯತನದಿಂದಲೇ ಒಬ್ಬ ಮನುಷ್ಯನನ್ನು ಇಲ್ಲವಾಗಿಸುತ್ತಾರೆ. ನಿನ್ನ ಕ್ಯಾಮೆರಾ ಎಲ್ಲೂ ಓಡಾಡುವುದಿಲ್ಲ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಜ್ಜಿಯ ಹಾಗೆ ಸುಮ್ಮನೆ ನೋಡುತ್ತಿರುತ್ತದೆ. ಇಪ್ಪತ್ತಾರು ವರ್ಷದ ನಿನಗೆ ಈ ತಾಳ್ಮೆ ಎಲ್ಲಿಂದ ಬಂತೋ, ನನ್ನಿಂದಂತೂ ಅಲ್ಲ.

ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಪಾರ್ಕಿಂಗ್ ಲಾಟಿನಲ್ಲಿ ಬಸಲಿಂಗಪ್ಪ ಖಾಲಿ ಟ್ರಾಲಿ ತಳ್ಳಿಕೊಂಡು ತಿರುಗುವುದು ಉದ್ದವಾಯಿತು. ಶಕುಂತಲಾ ಆಂಟಿ ಅಷ್ಟರಲ್ಲಿ ಒಂದು ಸಣ್ಣ ನಿದ್ದೆ ತೆಗೆದರು.

ಆದರೆ ಕೊನೆಯಲ್ಲಿ ಅವರ ಹೆಂಡತಿ ಹೊನ್ನಮ್ಮ! ಮನೆಮಂದಿಯೆಲ್ಲ ಮುದುಕ ಇಲ್ಲದಂತೆ ಬದುಕಲು ಕಲಿತಿರುವಾಗ ಆಕೆಯೊಬ್ಬಳೇ ಅವರನ್ನು ಸಿಂಕಿನ ಮುಂದೆ ನಿಲ್ಲಿಸಿ ಗದರುತ್ತಾಳೆ: "ಸತ್ತವ್ರು ಪಾತ್ರಿ ತಿಕ್ಕಬಾರ್ದು ಅಂತ ಎಲ್ಲಿ ಬರದದ?" ಬಸಲಿಂಗಪ್ಪನ ಮುಖದಲ್ಲಿ ಆಗ ಬಂದ ಸಂತೋಷ! ಎಲ್ಲರೂ ನಕ್ಕರು. ನಾನು ಅತ್ತೆ. ಬೈಯುವುದಕ್ಕಾದರೂ ಎದುರಿಗೆ ನಿಂತು ಮಾತಾಡಿಸುವವರು ಒಬ್ಬರು ಬೇಕು ಎಂದು ನೀನು ತೋರಿಸಿದೆ. ನಾನು ನಿನಗೆ ಅದನ್ನೂ ಮಾಡಲಿಲ್ಲ.

ದೀಪ ಹತ್ತಿದ ಮೇಲೆ ನೀನು ವೇದಿಕೆಗೆ ಬಂದೆ. ತುಂಬ ಇಳಿದಿದ್ದೀಯ. ಮುಂದಿನ ಸಾಲಿನ ಹಿರಿಯರೊಬ್ಬರು, "ಈ ಕಥೆ ಎಲ್ಲಿ ಸಿಕ್ತಮ್ಮಾ ನಿನಗೆ?" ಎಂದು ಕೇಳಿದರು. "ಒಂದು ಫೋನ್ ಕಾಲ್‌ನಲ್ಲಿ, ಅಂಕಲ್," ಎಂದೆ ನೀನು. ಜನ ತಮಾಷೆಯೆಂದು ಚಪ್ಪಾಳೆ ತಟ್ಟಿದರು. ಯಾವ ಫೋನೆಂದು ಅಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. 'ಅಪ್ಪನ ಪಾಲಿಗೆ ನೀನು ಸತ್ತ ಹಾಗೆ, ಇನ್ನು ಮನೆಗೆ ಫೋನ್ ಮಾಡಬೇಡ' ಎಂದು ನಾನು ನಿನಗೆ ಮುಟ್ಟಿಸಿದ ಮಾತು ಅದು. "ಹೋಗಿ ಮಾತಾಡ್ಸೇ," ಎಂದು ಶಕುಂತಲಾ ಆಂಟಿ ನನ್ನ ಬೆನ್ನು ತಳ್ಳಿದರು. ನಾನು ಹೊರಗೆ ಹೋಗಿ ಕಾರಿನಲ್ಲಿ ಕೂತೆ.

ನೀನು ದೊಡ್ಡ ಕೆಲಸ ಮಾಡಿದ್ದೀಯ, ಮಗಳೇ. ನನ್ನ ಹೊಗಳಿಕೆ ನಿನಗೆ ಬೇಕಿಲ್ಲದಿರಬಹುದು, ಆದರೂ ಬರೆದು ತಿಳಿಸಬೇಕೆನಿಸಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಾತಿಗಾಗಿ ಕಾಯುವ
ಅಮ್ಮ
ಉಷಾ

ತಾ.ಕ.: ಶನಿವಾರ ಬೆಳಿಗ್ಗೆ. ಮೇಲಿನದೆಲ್ಲ ನಿನ್ನೆ ಬರೆದದ್ದು. ಬರೆಯಲೇಬೇಕಾದ್ದನ್ನು ಬರೆದಿರಲಿಲ್ಲ. ಫೋನಿನಲ್ಲಿ ನಾನು ಹೇಳಿದ ಆ ಮಾತನ್ನು ಅಪ್ಪ ಅಂದಿರಲೇ ಇಲ್ಲ, ವಿದ್ಯಾ. ಆ ಹೊತ್ತಿನಲ್ಲಿ ಅವರು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಅದು ನನ್ನ ಮಾತು. ಅವರ ಹೆಸರು ಹೇಳಿದರೆ ನೀನು ಹೆದರಿ ಕಾಲೇಜಿಗೆ ಮರಳುತ್ತೀಯೆಂದುಕೊಂಡೆ. ಸಿನಿಮಾ ಮುಗಿಯುವವರೆಗೆ ಯಾರೂ ಮಾತಾಡಿಸಬಾರದೆಂದು ನೀನು ಹೇಳಿರುವುದಾಗಿ ಅವರಿಗೂ ಹೇಳಿದೆ. ಅವರು ನಂಬಿದರು. "ಮುಗೀತಂತಾ?" ಎಂದು ತಿಂಗಳಿಗೊಮ್ಮೆ ಕೇಳುತ್ತಿದ್ದರು, ನಾನು ಇಲ್ಲವೆನ್ನುತ್ತಿದ್ದೆ. ಇವತ್ತು ಬೆಳಿಗ್ಗೆ ಎಲ್ಲವನ್ನೂ ಹೇಳಿದೆ. ಅವರು ಎದ್ದು ಕಾರಿನ ಕೀ ತಗೊಂಡರು. ಆಮೇಲೆ ಶೂ ಹಾಕಿಕೊಳ್ಳುತ್ತಾ, "ಕವರ್ ಅಂಟಿಸಿ ಕೊಡು, ನಾನೇ ತಗೊಂಡು ಹೋಗ್ತೀನಿ," ಎಂದರು. ನನ್ನನ್ನು ಬಾ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟವರು ಇನ್ನೂ ಬಾಗಿಲಲ್ಲೇ ನಿಂತಿದ್ದರೆ, ಒಳಗೆ ಕರಿ.